ಡಿಗ್ರಿ ಮಕ್ಕಳಿಗೆ ಓದಿಸೋದು ಹೇಗೆ? ನೋಟ್ಸ್ ಬಿಟ್ಟು ಬೇರೇನೂ ಮುಟ್ಟಲ್ಲ

ಪ್ರಶ್ನೆ: ತುಂಗಾತೀರ, ಶಿವಮೊಗ್ಗ
ಬಿ.ಎ. ಇತಿಹಾಸ, 60 ಮಕ್ಕಳು, 55 ನಿಮಿಷದ ಪೀರಿಯಡ್. ಅರ್ಧ ಜನ ಕುಂಸಿ, ಆಯನೂರು, ಮಂಡಗದ್ದೆ ಕಡೆಯಿಂದ ಬಸ್ಸಲ್ಲಿ ಬರೋರು. ಅಧ್ಯಾಯ ಓದಿಕೊಂಡು ಬನ್ನಿ ಅಂದ್ರೆ ಯಾರೂ ಓದಲ್ಲ, ಪ್ರಶ್ನೆ ಕೇಳಿದ್ರೆ ತಲೆ ತಗ್ಗಿಸ್ತಾರೆ. ಏನು ಮಾಡಬಹುದು?

ಅಡಿಕೆಸೀಮೆ:
ಮನೇಲಿ ಓದಿ ಬನ್ನಿ ಅನ್ನೋದನ್ನ ಸದ್ಯಕ್ಕೆ ಬಿಡಿ ಸರ್, ತರಗತಿಯಲ್ಲೇ ಓದಿಸಿ. ಎರಡು ಪುಟ, ಒಂದೇ ಹಾಳೆಯ ಹಿಂದೆಮುಂದೆ ಜೆರಾಕ್ಸ್, ತಲೆಗೊಂದು. ಇಬ್ಬರಿಗೊಂದು ಕೊಟ್ಟು ದುಡ್ಡು ಉಳಿಸೋಕೆ ಹೋದ್ರೆ ಬೇಗ ಓದೋನು ಹಾಳೆ ತಿರುಗಿಸ್ತಾನೆ, ಪಕ್ಕದವನು ಅಲ್ಲಿಗೇ ಕೈಬಿಡ್ತಾನೆ. 12 ನಿಮಿಷ ಮೌನವಾಗಿ ಓದು, ಅರ್ಥವಾಗದ ಸಾಲಿಗೆ ಪೆನ್ಸಿಲ್ ಗೆರೆ. ಆಮೇಲೆ 8 ನಿಮಿಷ ಪಕ್ಕದವರ ಜೊತೆ ಮಾತು. ಉಳಿದಿದ್ದು ಚರ್ಚೆಗೆ.

ಶುರು ಮಾಡೋಕೆ ಕಾಗೋಡು ಸತ್ಯಾಗ್ರಹ ಒಳ್ಳೇದು. 1951, ನಮ್ಮದೇ ಸಾಗರ ತಾಲ್ಲೂಕು, ಉಳುವವರು ಜಮೀನಿನ ಒಡೆಯರಿಗೆ ಕೊಡೋ ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ಮೇಲೆ ಎದ್ದ ಜಗಳ. ‘ಕಾರಣಗಳನ್ನು ವಿವರಿಸಿ’ ಅಂದ್ರೆ ಗೈಡಿನ ಭಾಷೆಯೇ ವಾಪಸ್ ಬರುತ್ತೆ. ‘ಕೊಳಗದ ಲೆಕ್ಕ ಅಷ್ಟೇ ಇದ್ದರೂ ಒಡೆಯರಿಗೆ ಭತ್ತ ಹೆಚ್ಚು ಹೋಗೋದು ಹೇಗೆ? ಯಾವ ಸಾಲಿನಿಂದ ಗೊತ್ತಾಯ್ತು?’ ಅಂತ ಕೇಳಿ. ಹಾಳೆ ನೋಡದೆ ವಿಧಿಯಿಲ್ಲ. ಮನೆಯ ಅಟ್ಟದಲ್ಲಿ ಕೊಳಗ ನೋಡಿರೋ ಹುಡುಗ ತಾನಾಗೇ ಬಾಯಿ ಬಿಡ್ತಾನೆ.

ಹಳೇಚೀಟಿ:
ಇಷ್ಟೆಲ್ಲ ಮಾಡಿ ಕೊನೆಗೆ ಮೇಷ್ಟ್ರೇ ಸಾರಾಂಶ ಹೇಳಿಬಿಟ್ಟರೆ ಮುಗೀತು. ಎರಡೇ ವಾರದಲ್ಲಿ ಮಕ್ಕಳು ಅದಕ್ಕೇ ಕಾಯ್ತಾ ಕೂರ್ತಾರೆ. ಅದರ ಬದಲು ಎ4 ಹಾಳೆಯನ್ನ ನಾಲ್ಕು ತುಂಡು ಮಾಡಿ ಹಂಚಿ, ಕೊನೇ 5 ನಿಮಿಷ ಒಂದು ಸಾಲು, ಒಂದು ಅನುಮಾನ ಬರೆಸಿ. ಮುಂದಿನ ತರಗತಿ ಆ ಅನುಮಾನಗಳಿಂದಲೇ ಶುರುವಾಗ್ಲಿ. ಚೀಟಿ ಕೊಟ್ಟರೆ ಒಂದು ಟಿಕ್, ಅಷ್ಟೇ. ಟಿಕ್‌ಗಳು ಸೇರಿ ಇಂಟರ್ನಲ್ಸ್‌ನಲ್ಲಿ 5 ಅಂಕ. ಸರಿ-ತಪ್ಪಿಗೆ ಅಂಕ ಇಟ್ಟರೆ ಒಬ್ಬನ ಚೀಟಿ ಇಡೀ ಬೆಂಚಿಗೆ ನಕಲಾಗುತ್ತೆ.

ಕಪಾಟು:
ಅಂಕದ ಆಸೆಗೆ ಹುಟ್ಟಿದ ಓದು ಪರೀಕ್ಷೆ ಮುಗಿದ ದಿನವೇ ನಿಲ್ಲುತ್ತೆ, ನನಗಂತೂ ಅದು ಒಪ್ಪಿಗೆಯಿಲ್ಲ. ಸಂಜೆ ಬಸ್ ಹಿಡಿಯೋ ಮಕ್ಕಳು ಲೈಬ್ರರಿಗೆ ಬರೋದು ಯಾವಾಗ? ತರಗತಿಯಲ್ಲೇ 30 ಪುಸ್ತಕ ಇಡಿ, ನೂರು ಪುಟದೊಳಗಿನವು. ಒಂದು ನೋಟ್‌ಬುಕ್ಕು, ಜವಾಬ್ದಾರಿ ಕ್ಲಾಸ್ ರೆಪ್ರೆಸೆಂಟೇಟಿವ್‌ದು, ವಾಪಸ್ ತಡವಾದ್ರೆ ದಂಡ ಬೇಡ. ಒಂದೆರಡು ಕಳೆಯುತ್ತೆ, ಕಳೀಲಿ. ಆದರೆ ಮಳೆಗಾಲಕ್ಕೆ ಮುಂಚೆ ಕಪಾಟನ್ನ ಗೋಡೆಯಿಂದ ಅರ್ಧ ಅಡಿ ಮುಂದೆ ಎಳೆದಿಡಿ. ಆಷಾಢದ ಥಂಡಿಗೆ ಗೋಡೆ ಪಕ್ಕದ ಸಾಲೇ ಮೊದಲು ಬೂಷ್ಟು ಹಿಡಿಯೋದು, ಆಮೇಲೆ ಆ ವಾಸನೆಗೆ ಯಾರೂ ಕೈ ಹಾಕಲ್ಲ.