ಗದ್ದೆ ಕಾಯುವ ಮಾಳ: ಮರದಿಂದ ಬೀಳದ ಹಾಗೆ ಏನು ಕಟ್ಟಿಕೊಳ್ಳಬೇಕು?

ಗದ್ದೆಬದು:
ತೀರ್ಥಹಳ್ಳಿ ಕಡೆಯವನು. ಭತ್ತ ಹಾಲುಗಟ್ಟಿದೆ, ಹಂದಿ ಕಾಟ ಶುರು. ಗದ್ದೆ ಅಂಚಿನ ಮತ್ತಿ ಮರದಲ್ಲಿ 12 ಅಡಿ ಎತ್ತರಕ್ಕೆ ಮಾಳ (ಕಾವಲು ಕೂರುವ ಅಟ್ಟಣೆ) ಇದೆ. ರಾತ್ರಿ ಒಬ್ಬರೇ ಕೂರಬೇಕು, ಬೆಳಗಿನ ಜಾವ ತೂಕಡಿಕೆ ಬಂದೇ ಬರುತ್ತದೆ. ಸೊಂಟಕ್ಕೆ ನೈಲಾನ್ ಹಗ್ಗ ಬಿಗಿದು ಕೊಂಬೆಗೆ ಕಟ್ಟಿಕೊಂಡರೆ ಸಾಲದೇ? ಇಲ್ಲ, ಕಟ್ಟಡ ಕೆಲಸದವರ ಬೆಲ್ಟ್ ತರಬೇಕಾ?

ಕಾನುಮನೆ:
ಸೊಂಟದ ಹಗ್ಗ ಬೇಡವೇ ಬೇಡ ಮಾರಾಯ್ರೆ. ಬಿದ್ದಾಗ ದೇಹ ನಡುವಿನಲ್ಲಿ ಮಡಚಿಕೊಂಡು ಹಗ್ಗ ಪಕ್ಕೆಲುಬಿನ ಕೆಳಗೆ ಕಚ್ಚುತ್ತದೆ, ಉಸಿರೇ ಆಡುವುದಿಲ್ಲ. ತಲೆಕೆಳಗಾದರೆ ಜಾರಿ ಹೊರಗೂ ಬರಬಹುದು. ತೊಡೆಗೆ ಎರಡು, ಭುಜಕ್ಕೆ ಎರಡು ಪಟ್ಟಿ ಇರುವ ಫುಲ್ ಬಾಡಿ ಹಾರ್ನೆಸ್ ತನ್ನಿ, ಐಎಸ್ 3521 (ಇಂಥ ಹಾರ್ನೆಸ್‌ಗಳ ಭಾರತೀಯ ಮಾನಕ) ಗುರುತು ನೋಡಿ. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ತೂರಬೇಕು, ಮುಷ್ಟಿ ತೂರಬಾರದು.

ಕಟ್ಟಡದವರ ಹಾರ್ನೆಸ್ ಆಗುತ್ತದೆ, ಆದರೆ ಅದರ ಜೊತೆ ಬರುವ 1.8 ಮೀಟರ್ ಹಗ್ಗ ನಿಮ್ಮ ಮಾಳಕ್ಕೆ ಆಗದು. ಕಾಲ ಬಳಿಯ ಕೊಂಬೆಗೆ ಕಟ್ಟಿದಿರಿ ಅನ್ನಿ: ಹಗ್ಗ 1.8, ಬಿದ್ದ ರಭಸ ತಗ್ಗಿಸಲು ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿ ಸುಮಾರು 1, ಅದರ ಕೆಳಗೆ ತೂಗುವ ದೇಹ ಒಂದೂವರೆ. ಒಟ್ಟು 4.3 ಮೀಟರ್. 12 ಅಡಿ ಅಂದರೆ ಸುಮಾರು 3.7 ಮೀಟರ್ ಅಷ್ಟೇ. ಹಗ್ಗ ಹಿಡಿಯುವ ಮೊದಲೇ ನೆಲ ಸಿಗುತ್ತದೆ. ಬೆನ್ನಿನ ಕೊಂಡಿಯಿಂದ ಗಿಡ್ಡ ಹಗ್ಗ ತೆಗೆದು ತಲೆಗಿಂತ ಮೇಲೆ ಕಾಂಡಕ್ಕೆ ಬಿಗಿಯಿರಿ. ಕೂತಾಗ ಅದು ಜೋಲು ಬಿದ್ದಿರಬಾರದು.

ಹಾವಸೆಕಲ್ಲು:
ಮೇಲಿನದಕ್ಕೆ ಸೇರಿಸುವುದು: ಜನ ಕೂತಲ್ಲಿಂದ ಬೀಳುವುದಕ್ಕಿಂತ ಏಣಿ ಹತ್ತುವಾಗ, ಏಣಿಯಿಂದ ಮಾಳಕ್ಕೆ ಕಾಲು ದಾಟಿಸುವಾಗ ಬೀಳುವುದು ಜಾಸ್ತಿ. ಹಾಗಾಗಿ ನೆಲದಲ್ಲೇ ಕೊಂಡಿ ಸಿಗಿಸಿಕೊಳ್ಳುವ ಹಾಗಿರಬೇಕು. 11 ಮಿ.ಮೀ. ಹಿಗ್ಗದ ಹಗ್ಗವನ್ನು ಮಾಳದಲ್ಲಿ ನಿಂತು ಕೈ ಎಟಕುವಷ್ಟು ಮೇಲೆ ಕಟ್ಟಿ ಬುಡದವರೆಗೆ ಇಳಿಬಿಡಿ, ಕೆಳತುದಿಯನ್ನು ಬುಡಕ್ಕೆ ಬಿಗಿಯಿರಿ. ಅದಕ್ಕೆ 8 ಮಿ.ಮೀ. ಹಗ್ಗದ ಕುಣಿಕೆಯನ್ನು ಮೂರು ಸುತ್ತು ಸುತ್ತಿ ಪ್ರುಸಿಕ್ ಗಂಟು (ಕೈಯಿಂದ ನೂಕಿದರೆ ಜರುಗುವ, ಭಾರ ಬಿದ್ದರೆ ಹಗ್ಗ ಕಚ್ಚುವ ಗಂಟು) ಹಾಕಿ, ಆ ಕುಣಿಕೆಗೆ ಹಾರ್ನೆಸ್ ಕೊಂಡಿ ಸಿಗಿಸಿ. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ಕೂತಿರಬೇಕು. ಹತ್ತುತ್ತಾ ಗಂಟನ್ನು ತಲೆ ಮಟ್ಟಕ್ಕೆ ನೂಕುತ್ತಾ ಹೋಗಿ. ಎರಡೂ ಹಗ್ಗ ಒಂದೇ ದಪ್ಪವಿದ್ದರೆ ಗಂಟು ಸರಿಯಾಗಿ ಕಚ್ಚುವುದಿಲ್ಲ, ಕೆಸರು ಮೆತ್ತಿದರೂ ಜಾರುತ್ತದೆ. ಬೀಳುವಾಗ ಗಾಬರಿಗೆ ಗಂಟನ್ನೇ ಕೈಯಲ್ಲಿ ಹಿಡಿದರೆ ಅದು ಬಿಗಿಯದೆ ನಿಮ್ಮ ಜೊತೆಗೇ ಕೆಳಗೆ ಬರುತ್ತದೆ.

ಮಾಳಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿದ್ದೀರಾ? ಮೇಲೆ ಗಟ್ಟಿ ಕಂಡರೂ ಕಟ್ಟು ಬಿಗಿದ ಜಾಗದಲ್ಲಿ ನೀರು ನಿಂತು ಒಳತಿರುಳು ಪುಡಿಯಾಗಿರುತ್ತದೆ. ಕತ್ತಿ ಮೊನೆಯಿಂದ ಚುಚ್ಚಿ ನೋಡಿ, ಇಳಿದರೆ ಬದಲಿಸಿ. ಕಳೆದ ವರ್ಷದ ದಬ್ಬೆ ನಂಬಬೇಡಿ. ಏಣಿ ಮಾಳಕ್ಕಿಂತ ಮೂರು ಅಡಿ ಮೇಲೆ ಚಾಚಿರಲಿ, ದಾಟುವಾಗ ಹಿಡಿಯಲು ಬೇಕು. ಚಗಳಿ (ಮರದ ಕೆಂಪಿರುವೆ) ಗೂಡು ಇದೆಯೋ ಅಂತ ಹಗಲೇ ನೋಡಿ. ಕತ್ತಲಲ್ಲಿ ಚಗಳಿ ಮುತ್ತಿದರೆ ಎರಡೂ ಕೈ ತಾನಾಗಿ ಏಣಿ ಬಿಡುತ್ತವೆ.

ಗದ್ದೆಬದು:
ದಬ್ಬೆ ಹೋದ ವರ್ಷದ್ದೇ, ನಾಳೆ ಬಿಚ್ಚುತ್ತೇನೆ. ಇನ್ನೊಂದು ಪ್ರಶ್ನೆ: ಬಿದ್ದು ಹಾರ್ನೆಸ್‌ನಲ್ಲಿ ನೇತಾಡಿದರೆ ಬೆಳಗಾಗುವವರೆಗೆ ಕಾಯಬಹುದಾ?

ಕಾನುಮನೆ:
ಖಂಡಿತ ಇಲ್ಲ. ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಂತು ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು. ಹಾರ್ನೆಸ್‌ಗೆ ಮೊದಲೇ ಒಂದು ಉದ್ದ ಕುಣಿಕೆ ಕಟ್ಟಿ ಜೇಬಿನಲ್ಲಿ ಮಡಚಿಡಿ. ನೇತಾಡಿದ ಕೂಡಲೇ ಅದರಲ್ಲಿ ಕಾಲಿಟ್ಟು ನಿಲ್ಲಿ, ತೊಡೆಯ ಭಾರ ಇಳಿಯುತ್ತದೆ. ಸಾಧ್ಯವಾದರೆ ಏಣಿಗೆ ಮರಳಿ. ಸೀಟಿ ಮತ್ತು ಮೊಬೈಲ್ ಎದೆಯ ಜೇಬಿನಲ್ಲಿರಲಿ, ಮಾಳದ ಮೇಲೆ ಇಟ್ಟದ್ದು ಆಗ ಕೈಗೆ ಸಿಗುವುದಿಲ್ಲ. ಸಿಗ್ನಲ್ ಇಲ್ಲದ ಕಡೆಯಾದರೆ ಸೀಟಿ ಕೇಳುವಷ್ಟು ಹತ್ತಿರ ಯಾರಾದರೂ ಇರಲೇಬೇಕು. ಇಳಿಸಿದವರು ಅಂಗಾತ ಮಲಗಿಸಿ 108ಕ್ಕೆ ಕರೆ ಮಾಡಲಿ. ಕೂರಿಸಿಯೇ ಇಡಬೇಕೆಂಬ ಹಳೆಯ ಮಾತನ್ನು ಈಗ ಪಾಲಿಸುವುದಿಲ್ಲ. ಒಮ್ಮೆ ಬಿದ್ದ ಭಾರ ತಡೆದ ಹಾರ್ನೆಸ್, ಹಗ್ಗ ಎರಡನ್ನೂ ಎಸೆಯಿರಿ.

ಹಾವಸೆಕಲ್ಲು:
ಟಾರ್ಚ್, ಕಂಬಳಿ, ಫ್ಲಾಸ್ಕ್ ಹೊತ್ತು ಹತ್ತಬೇಡಿ, ಮೇಲೆ ಕೂತ ಮೇಲೆ ಸಣ್ಣ ಹಗ್ಗದಲ್ಲಿ ಎಳೆದುಕೊಳ್ಳಿ. ಈಗ ಹಿಂಗಾರಿನ ಗುಡುಗು ಇದೆ. ದೂರದಲ್ಲಿ ಗುಡುಗು ಕೇಳಿದರೂ ಮಳೆಗೆ ಕಾಯದೆ ಇಳಿದು ಮನೆ ಸೇರಿ, ಆ ರಾತ್ರಿ ಗದ್ದೆ ಹಂದಿ ಪಾಲಾದರೂ ಸರಿ.