ಸಹಾಯ ಬೇಕು: ಗಮಕಕ್ಕೆ ಒಗ್ಗುವ ಗಿಟಾರ್ ಪಿಕಪ್

ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ. ತೋಡಿ ರಾಗದ ಗಾಂಧಾರ ಸ್ವರಕ್ಕೆ ಬೇಕಾದ ಗಮಕಕ್ಕಾಗಿ (ಸ್ವರದ ಓಲಾಟಕ್ಕಾಗಿ) ತಂತಿಯನ್ನು ಅಡ್ಡಕ್ಕೆ ಎಳೆದಾಗ ಅದು ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಆಯಸ್ಕಾಂತದ ಕಡ್ಡಿಯ ಮೇಲಿನಿಂದ ಸರಿದು ನಾದ ಕುಗ್ಗುತ್ತದೆ. ರಾಗದ ಜೀವವೇ ಆ ಎಳೆತದಲ್ಲಿರುವಾಗ ಇದನ್ನು ಸಹಿಸಲಾಗದು.

ಹಾಗಾಗಿ ತಂತಿಗೊಂದರಂತೆ ಇರುವ ಆರು ಕಡ್ಡಿಗಳ ಬದಲು ಉದ್ದಕ್ಕೂ ಒಂದೇ ಉಕ್ಕಿನ ಪಟ್ಟಿ, ಅದರಡಿ ಆಲ್ನಿಕೊ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಇರುವ ಮಿಶ್ರಲೋಹದ) ಆಯಸ್ಕಾಂತ ಇಟ್ಟು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಸುತ್ತಲು ಹೊರಟಿದ್ದೇನೆ. ಸುರುಳಿಗೆ ಬಳಸುವ ತಾಮ್ರದ ತಂತಿ 42 ಗೇಜ್, ಅಂದರೆ ಸುಮಾರು 0.063 ಮಿ.ಮೀ.; ಸುತ್ತುವಾಗ ಬೆರಳು ತುಸು ಬಿಗಿಯಾದರೂ ತುಂಡಾಗುತ್ತದೆ.

ಉಕ್ಕಿನಿಂದ ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಏರಿ ಮೇಲ್ಸ್ಥಾಯಿಯ ಹೊಳಪು ಮಂಕಾಗುತ್ತದೆ. ಸಾಮಾನ್ಯವಾಗಿ ಸುತ್ತುವ ಸುಮಾರು 8000 ಸುತ್ತುಗಳನ್ನು ಎಷ್ಟಕ್ಕೆ ಇಳಿಸಬೇಕು? ಪಟ್ಟಿ ಎಷ್ಟು ದಪ್ಪವಿರಬೇಕು? ಸ್ವತಃ ಪಿಕಪ್ ಸುತ್ತಿದವರು ದಯವಿಟ್ಟು ತಿಳಿಸಿ. ಬೆಂಗಳೂರಿನಲ್ಲಿ ಈ ತಾಮ್ರದ ತಂತಿಯನ್ನು ಚಿಲ್ಲರೆಯಾಗಿ ಮಾರುವ ಅಂಗಡಿ ಗೊತ್ತಿದ್ದರೆ ಅದನ್ನೂ ಹೇಳಿ.