ಹೊಸ ಎಸ್‌ಎಸ್‌ಡಿ ಹಾಕಿದೆ, ಲ್ಯಾಪ್‌ಟಾಪ್‌ಗೆ ಕಾಣ್ತಿಲ್ಲ: ಗೊತ್ತಿದ್ದವರು ಹೇಳಿ

ಕೇಳಿದ್ದು, ಕೋಲಾರದಿಂದ:
11ನೇ ಜನರೇಷನ್ ಐ5 ಲ್ಯಾಪ್‌ಟಾಪ್. ಒಳಗೆ 1 ಟಿಬಿ ಹಾರ್ಡ್ ಡಿಸ್ಕ್ ಇದೆ, ಎಂ.2 ಸ್ಲಾಟ್ (ಚಿಪ್ಪಿನ ಸ್ಟೋರೇಜ್, ಅಂದರೆ ಎಸ್‌ಎಸ್‌ಡಿ, ಕೂರಿಸೋ ಜಾಗ) ಖಾಲಿ ಇತ್ತು. ಬೆಂಗಳೂರಿನ ಎಸ್.ಪಿ. ರೋಡಿಂದ 500 ಜಿಬಿ ಎಂ.2 ಎಸ್‌ಎಸ್‌ಡಿ ತಂದು ಹಾಕಿದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡೋ ಸೆಟಪ್) ಹಾರ್ಡ್ ಡಿಸ್ಕ್ ಮಾತ್ರ ತೋರಿಸುತ್ತೆ. ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಅಷ್ಟೇ. ಮತ್ತೆ ಬೆಂಗಳೂರಿಗೆ ಬಸ್ ಹತ್ತೋಕೆ ಮುಂಚೆ ಏನೇನು ನೋಡಬೇಕು?

ತುಮಕೂರು, ಲ್ಯಾಪ್‌ಟಾಪ್ ರಿಪೇರಿ:
ಬಯಾಸ್‌ನಲ್ಲೇ ಕಾಣ್ತಿಲ್ಲ ಅಂದಮೇಲೆ ಸದ್ಯಕ್ಕೆ ವಿಂಡೋಸ್ ತಂಟೆಗೆ ಹೋಗಬೇಡಿ ಸರ್. ಡ್ರೈವರ್, ಫಾರ್ಮ್ಯಾಟ್, ಪಾರ್ಟಿಷನ್ ಎಲ್ಲ ಬಯಾಸ್ ದಾಟಿದ ಮೇಲಿನ ಮಾತು. ಮೊದಲು ಸರಿಯಾಗಿ ಕೂತಿದೆಯಾ ನೋಡಿ.

ಶಿಫ್ಟ್ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟ್‌ಅಪ್‌ನಿಂದಾಗಿ ಮಷಿನ್ ಪೂರ್ತಿ ಆಫ್ ಆಗಿರಲ್ಲ. ಚಾರ್ಜರ್ ಕಿತ್ತು, ಹಿಂದಿನ ಕವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯಿರಿ. ಎಸ್‌ಎಸ್‌ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಬಂಗಾರದ ಬಣ್ಣದ ಪಟ್ಟಿ ಬಹುತೇಕ ಮರೆಯಾಗೋವರೆಗೆ ತಳ್ಳಬೇಕು. ಕೈ ಬಿಟ್ಟರೆ ತಾನಾಗಿ ಮೇಲಕ್ಕೆ ಏಳುತ್ತೆ, ಅದು ಸರಿಯೇ. ಒತ್ತಿದಾಗ ತುದಿಯ ಅರ್ಧ ವೃತ್ತ ಸ್ಕ್ರೂ ಕಂಬಕ್ಕೆ ಸರಿಯಾಗಿ ಕೂಡಬೇಕು. ಒಂದು ಮಿಲಿಮೀಟರ್ ಆಚೀಚೆ ಇದ್ದರೂ ಅದು ಪೂರ್ತಿ ಒಳಗೆ ಹೋಗಿಲ್ಲ ಅಂತಲೇ ಅರ್ಥ.

ಸ್ಕ್ರೂ ಸಾಮಾನ್ಯವಾಗಿ ಎಂ2 ಸೈಜ್, 3 ಮಿ.ಮೀ. ಉದ್ದ. ಸಿಗಲಿಲ್ಲ ಅಂತ ಉದ್ದದ್ದು ಹಾಕಿದರೆ ಕೆಳಗಿನ ಬೋರ್ಡಿಗೆ ತಾಗುತ್ತೆ. ಟೇಪ್ ಹಚ್ಚಿ ಬಿಡೋರೂ ಇದ್ದಾರೆ, ಬೈಕ್ ಕುಲುಕಾಟಕ್ಕೆ ಅದು ನಾಲ್ಕು ದಿನ ನಿಲ್ಲಲ್ಲ. ಕ್ರಷರ್ ಧೂಳಿನ ಕಡೆಯ ಮಷಿನ್ ಆದರೆ ಸ್ಲಾಟ್ ಒಳಗೆ ಬ್ಲೋವರ್ ಹೊಡೆಯಿರಿ. ಎಸ್‌ಎಸ್‌ಡಿ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ರಬ್ಬರ್‌ನಲ್ಲಿ ಉಜ್ಜೋದು ರೂಢಿ, ಆದರೆ ಅದರ ಪುಡಿ ಸ್ಲಾಟ್‌ಗೆ ಬಿದ್ದರೆ ಇನ್ನೊಂದು ತಲೆನೋವು.

ಚಿಕ್ಕಬಳ್ಳಾಪುರ, ಕಾಲೇಜು ಕಂಪ್ಯೂಟರ್ ಲ್ಯಾಬ್:
ಮೇಲಿನದು ಸರಿ. ಆದರೆ ಬಿಚ್ಚೋದಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ನಿಮ್ಮದು ಸಾಟಾ ಎಂ.2 ಎಸ್‌ಎಸ್‌ಡಿಯೋ, ಎನ್‌ವಿಎಂಇಯೋ? ಎಂ.2 ಅನ್ನೋದು ಆಕಾರದ ಹೆಸರು ಅಷ್ಟೇ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಒಳಗೆ ಓಡೋ ಸಿಗ್ನಲ್ ಹಾರ್ಡ್ ಡಿಸ್ಕ್ ಕಾಲದ ಸಾಟಾ ಆಗಿರಬಹುದು, ಅದಕ್ಕಿಂತ ವೇಗದ ಪಿಸಿಐಇ ಆಗಿರಬಹುದು; ಎನ್‌ವಿಎಂಇ ಓಡೋದು ಪಿಸಿಐಇ ಮೇಲೆ. ಸಾಟಾ ಎಂ.2ಗೆ ಬಂಗಾರದ ಪಟ್ಟಿಯಲ್ಲಿ ಎರಡು ಕಟ್ (ಸೀಳು) ಇರುತ್ತೆ, ಎನ್‌ವಿಎಂಇಗೆ ಸಾಮಾನ್ಯವಾಗಿ ಒಂದೇ. ಎರಡು ಕಟ್ ಇರೋದು ಒಂದು ಕಟ್‌ನ ಸ್ಲಾಟ್‌ಗೂ ಸಲೀಸಾಗಿ ಕೂರುತ್ತೆ, ಸ್ಕ್ರೂನೂ ಬೀಳುತ್ತೆ, ಆದರೆ ಆ ಸ್ಲಾಟ್‌ಗೆ ಸಾಟಾ ಲೈನ್ ಎಳೆದೇ ಇರದಿದ್ದರೆ ಜಪ್ಪಯ್ಯ ಅಂದರೂ ಕಾಣಲ್ಲ. ಕೆಲವು ಎನ್‌ವಿಎಂಇಗಳಿಗೂ ಎರಡು ಕಟ್ ಇರೋದರಿಂದ ಲೇಬಲ್ ಓದದೆ ತೀರ್ಮಾನ ಮಾಡಬೇಡಿ.

ಕೇಳಿದವರು:
ಎರಡು ಕಟ್ ಇದೆ. ಲೇಬಲ್ ಮೇಲೆ ಸಾಟಾ, 6 ಗಿಗಾಬಿಟ್ ಪರ್ ಸೆಕೆಂಡ್ ಅಂತಿದೆ.

ಚಿಕ್ಕಬಳ್ಳಾಪುರ, ಕಾಲೇಜು ಕಂಪ್ಯೂಟರ್ ಲ್ಯಾಬ್:
ಹಾಗಾದರೆ ಹೆಚ್ಚುಕಮ್ಮಿ ಅದೇ. ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನುಯಲ್ ಡೌನ್‌ಲೋಡ್ ಮಾಡಿ, ಸ್ಟೋರೇಜ್ ಪುಟದಲ್ಲಿ ಎಂ.2 ಎದುರು ಪಿಸಿಐಇ ಅಂತ ಮಾತ್ರ ಇದೆಯಾ, ಸಾಟಾನೂ ಇದೆಯಾ ನೋಡಿ. 11ನೇ ಜನರೇಷನ್ ಹೊತ್ತಿಗೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಪಿಸಿಐಇ ಮಾತ್ರ. ಯಾವ ಬಯಾಸ್ ಅಪ್‌ಡೇಟೂ ಇಲ್ಲದ ತಂತಿಯನ್ನು ತಂದುಕೊಡಲ್ಲ.

ಅಂಗಡಿಯವರ ಹತ್ತಿರ "ಪೀಸ್ ಕೆಟ್ಟಿದೆ" ಅನ್ನಬೇಡಿ, "ಸಾಟಾ ಬೇಡ, ಎನ್‌ವಿಎಂಇ ಬೇಕು" ಅನ್ನಿ. ಸ್ಟಿಕ್ಕರ್ ಕಿತ್ತಿರಬಾರದು, ಬಿಲ್ಲು, ಡಬ್ಬ ಜೊತೆಗಿರಲಿ. ಪಿಸಿಐಇ ತಲೆಮಾರು ಜೆನ್ 3 ಇರಲಿ, ಜೆನ್ 4 ಇರಲಿ ನಡೆಯುತ್ತೆ. ಸ್ಲಾಟ್ ಜೆನ್ 3 ಆಗಿದ್ದರೆ ಜೆನ್ 4 ಡ್ರೈವ್ ಕೂಡ ಆ ವೇಗಕ್ಕೇ ಇಳಿದು ಕೆಲಸ ಮಾಡುತ್ತೆ, ಹೆಚ್ಚಿನ ದುಡ್ಡು ದಂಡ. ಹೀಟ್‌ಸಿಂಕ್ ಅಂಟಿಸಿದ್ದು ಬೇಡ, ಕವರ್ ಮುಚ್ಚಲ್ಲ. ಕಂಬ 42 ಮಿ.ಮೀ.ಗೇ ಇದ್ದು, ಜರುಗಿಸೋಕೆ ಬರದಿದ್ದರೆ 2242 ಕೇಳಿ.

ಮುಳಬಾಗಿಲು, ಡೇಟಾ ರಿಕವರಿ:
ಎಸ್‌ಎಸ್‌ಡಿ ಸತ್ತಿದೆಯೋ ಇಲ್ಲವೋ ನೋಡೋಕೆ ಯುಎಸ್‌ಬಿ ಎನ್‌ಕ್ಲೋಷರ್ (ಎಸ್‌ಎಸ್‌ಡಿಯನ್ನು ಹೊರಗಿನಿಂದ ಯುಎಸ್‌ಬಿಗೆ ಚುಚ್ಚೋ ಡಬ್ಬಿ) ಸಾಕು. ಆದರೆ ಅದರಲ್ಲೂ ಇದೇ ತೊಡಕು ಇದೆ. ಜೆಎಂಎಸ್583 ಚಿಪ್ಪಿನದು ಎನ್‌ವಿಎಂಇ ಮಾತ್ರ ಓದುತ್ತೆ, ಆರ್‌ಟಿಎಲ್9210ಬಿ ಚಿಪ್ಪಿನದು ಎರಡನ್ನೂ ಓದುತ್ತೆ. ಮೊದಲನೆಯದಕ್ಕೆ ಸಾಟಾ ಹಾಕಿ "ಡೆಡ್" ಅಂದುಬಿಡೋರು ಕಮ್ಮಿ ಇಲ್ಲ. ಇನ್ನು 'ಸಾಟಾಫರ್ಮ್ ಎಸ್11' ಅಂತ ಡ್ರೈವ್ ಹೆಸರಿನ ಜಾಗದಲ್ಲಿ ಬಂದರೆ ಅದು ಫೈಸನ್ ಕಂಪನಿಯ ಕಂಟ್ರೋಲರ್ ಚಿಪ್ಪಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೋಗಿರೋ ಗುರುತು. ವಾರಂಟಿಗೆ ಕಳಿಸಿ, ಅದರ ಮೇಲೆ ಸಮಯ ಕಳೆಯಬೇಡಿ.

ತುಮಕೂರು, ಲ್ಯಾಪ್‌ಟಾಪ್ ರಿಪೇರಿ:
ಎನ್‌ವಿಎಂಇ ತಂದ ಮೇಲೆ ಎರಡನೇ ಗೇಟು ಒಂದಿದೆ, ಈಗಲೇ ಹೇಳಿಬಿಡ್ತೀನಿ. ಬಯಾಸ್‌ನಲ್ಲಿ ಕಾಣುತ್ತೆ, ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಕಾಣಲ್ಲ. ಇಂಟೆಲ್ 11ನೇ ಜನರೇಷನ್‌ನಿಂದ ಈಚೆಗೆ ಇದು ಸಾಮಾನ್ಯ. ಕಾರಣ ವಿಎಂಡಿ, ಅಂದರೆ ಡ್ರೈವ್‌ಗಳನ್ನು ನೋಡಿಕೊಳ್ಳೋ ಇಂಟೆಲ್ ಕಂಟ್ರೋಲರ್. ಎನ್‌ವಿಎಂಇ ಡ್ರೈವ್ ಆ ಕಂಟ್ರೋಲರ್‌ನ ಹಿಂದೆ ಇರುತ್ತೆ, ಇನ್‌ಸ್ಟಾಲರ್ ಹತ್ತಿರ ಅದರ ಡ್ರೈವರ್ ಇರಲ್ಲ.

ದಾರಿ ಎರಡು. ನನ್ನ ಪ್ರಕಾರ ಡ್ರೈವರ್ ಹಾಕೋದೇ ಒಳ್ಳೇದು. ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್‌ಗೇ ಕೊಟ್ಟಿರೋ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ತಗೊಳ್ಳಿ. ಎಲ್ಲಕ್ಕಿಂತ ಹೊಸದು ಅಂತ ಬೇರೆ ಕಡೆಯಿಂದ ತರಬೇಡಿ. ಇಎಕ್ಸ್ಇ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್‌ಗೆ ಅರ್ಥ ಆಗಲ್ಲ. ಅದನ್ನು ಎಕ್ಸ್‌ಟ್ರ್ಯಾಕ್ಟ್ ಮಾಡಿ, ಐಎನ್ಎಫ್ ಫೈಲ್ ಇರೋ ಫೋಲ್ಡರ್ ಹಾಕಿ, ಆಮೇಲೆ 'ಲೋಡ್ ಡ್ರೈವರ್' ಒತ್ತಿ ಅದೇ ಫೋಲ್ಡರ್ ತೋರಿಸಿ.

ಇನ್ನೊಂದು ದಾರಿ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡೋದು. ಏಸರ್‌ನ ಸುಮಾರು ಮಾಡೆಲ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತೆ, ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಹೊರಬರುತ್ತೆ. ಆದರೆ ಈಗಾಗಲೇ ವಿಎಂಡಿ ಮೇಲೆ ಹಾಕಿರೋ ವಿಂಡೋಸ್ ಇದ್ದರೆ ನೀಲಿ ಸ್ಕ್ರೀನ್ ಬರಬಹುದು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಆ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇದೆಯಾ ನೋಡಿ ಬರೆದಿಟ್ಟುಕೊಳ್ಳದೆ ಬಯಾಸ್‌ಗೆ ಕೈ ಹಾಕಬೇಡಿ. ಬಯಾಸ್‌ಗೆ ಹೋಗೋಕೆ ಡೆಲ್, ಏಸರ್, ಏಸಸ್‌ಗೆ ಎಫ್2, ಎಚ್‌ಪಿಗೆ ಎಫ್10. ಬಯಾಸ್ ಅಪ್‌ಡೇಟ್ ಮಾಡೋದಾದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಚುಚ್ಚಿರಲಿ. ನಮ್ಮೂರಿನ ಕರೆಂಟ್ ನಂಬಿ ಅದನ್ನು ಶುರು ಮಾಡೋ ಹಾಗಿಲ್ಲ.

ಇನ್ನೊಂದು: ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಾರ್ಡ್ ಡಿಸ್ಕ್‌ನ ಕೇಬಲ್ ಬಿಡಿಸಿಡಿ. ಎರಡೂ ಇದ್ದರೆ ಬೂಟ್ ಫೈಲುಗಳು ಹಾರ್ಡ್ ಡಿಸ್ಕ್‌ನಲ್ಲಿರೋ ಹಳೇ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲುಗಳ ಜಾಗ) ಹೋಗಿ ಕೂರುತ್ತವೆ. ಮುಂದೆ ಯಾವತ್ತಾದರೂ ಆ ಡಿಸ್ಕ್ ತೆಗೆದರೆ ಎಸ್‌ಎಸ್‌ಡಿಯೂ ಬೂಟ್ ಆಗಲ್ಲ.

ಚಿಂತಾಮಣಿ, ಸೈಬರ್ ಸೆಂಟರ್:
ವಿಂಡೋಸ್ ಹಾರ್ಡ್ ಡಿಸ್ಕ್‌ನಲ್ಲೇ ಇರಲಿ, ಎಸ್‌ಎಸ್‌ಡಿ ಫೈಲಿಗೆ ಮಾತ್ರ ಅನ್ನೋರಿಗೆ: 'ದಿಸ್ ಪಿಸಿ'ಯಲ್ಲಿ ಹೊಸ ಡ್ರೈವ್ ತಾನಾಗಿ ಬರಲ್ಲ, ಅದಕ್ಕೆ ಗಾಬರಿ ಬೇಡ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಇನಿಷಿಯಲೈಸ್ ಕೇಳಿದರೆ ಜಿಪಿಟಿ (ಪಾರ್ಟಿಷನ್ ಲೆಕ್ಕ ಇಡೋ ಹೊಸ ವಿಧಾನ) ಆರಿಸಿ, ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ. 500 ಜಿಬಿ ಬದಲು 465 ಅಂತ ತೋರಿಸಿದರೆ ಅಂಗಡಿಯವರು ಮೋಸ ಮಾಡಿಲ್ಲ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸುತ್ತೆ.